ರಜೆಗೆ ತೋಟಕ್ಕೆ ಮಕ್ಕಳು ಬರುತ್ತಿದ್ದಾರೆ, ಹೊಂಡ ನೋಡಿದರೆ ಭಯ. ನೀವೆಲ್ಲ ಏನು ಮಾಡಿಕೊಂಡಿದ್ದೀರಿ?

ಹಾನುಬಾಳು ಕಾಫಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಹತ್ತಿರ ಹನ್ನೊಂದು ಎಕರೆ. ರೊಬಸ್ಟಾ ಕಾಫಿ ಜಾಸ್ತಿ, ಮರಕ್ಕೆಲ್ಲ ಮೆಣಸು. ಏಪ್ರಿಲ್ ಎರಡನೇ ವಾರ ಬೆಂಗಳೂರಿಂದ ಅಕ್ಕನ ಮಕ್ಕಳು ಬರುತ್ತಾರೆ. ದೊಡ್ಡವನಿಗೆ ಒಂಬತ್ತು, ಚಿಕ್ಕವಳಿಗೆ ನಾಲ್ಕು. ಒಂದು ತಿಂಗಳು ಇಲ್ಲೇ ಇರುತ್ತಾರೆ. ಅದೂ ಸಾಲದು ಅಂತ ಹಳೇ ಮನೆಯ ಎರಡು ರೂಮು ಸರಿ ಮಾಡಿ ಹೋಮ್‌ಸ್ಟೇ ಬೇರೆ ಶುರು ಮಾಡಿದ್ದೇವೆ. ಶನಿವಾರ ಭಾನುವಾರ ಯಾರಾದರೂ ಇದ್ದೇ ಇರುತ್ತಾರೆ.

ಹೋದ ವರ್ಷ ಹೊಸದಾಗಿ ನೀರಿಗೆ ಕೃಷಿ ಹೊಂಡ ತೆಗೆಸಿದೆ. ಹತ್ತಡಿ ಆಳ, ಒಳಗೆಲ್ಲ 500 ಮೈಕ್ರಾನ್ ಪ್ಲಾಸ್ಟಿಕ್ ಶೀಟು. ಈ ಫೆಬ್ರವರಿಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ನೀರಲ್ಲಿರುವ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಎಲೆ ಸಿಕ್ಕಿಕೊಂಡಿತು. ತೆಗೆಯೋಣ ಅಂತ ಬಗ್ಗಿದೆ, ಚಪ್ಪಲಿ ಜಾರಿತು, ಸೀದಾ ಒಳಗೆ. ನನಗೆ ಈಜು ಬರುತ್ತದೆ, ಹೇಮಾವತಿ ಹೊಳೆಯಲ್ಲೇ ಕಲಿತವನು. ಆದರೆ ಮೇಲೆ ಹತ್ತಲು ಆಗಲಿಲ್ಲ. ಶೀಟಿನ ಮೇಲೆಲ್ಲ ಪಾಚಿ. ಮೊಣಕಾಲು ಊರಿದರೆ ಜಾರುತ್ತದೆ, ಕೈ ಊರಿದರೆ ಹಿಡಿಯಲು ಏನೂ ಇಲ್ಲ, ಉಗುರು ಕೀಚ್ ಅಂತ ಗೀರಿಕೊಂಡು ಮತ್ತೆ ನೀರಿಗೆ. ಮೂರು ಸಲ ಹೀಗೇ ಆಯಿತು. ನಾಲ್ಕನೇ ಸಲ ಮೋಟರಿನ ಪೈಪು ತಬ್ಬಿಕೊಂಡು ಹೇಗೋ ಬಂದೆ. ಏರಿ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಈಗ ಅಲ್ಲಿ ಆ ನಾಲ್ಕು ವರ್ಷದವಳನ್ನು ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ. ಬೇಲಿ ಹಾಕಿಸುವುದು ಗ್ಯಾರಂಟಿ. ಆದರೆ ಹೇಗೆ ಹಾಕಿಸಬೇಕು, ಮತ್ತೆ ಹೊಂಡ ಬಿಟ್ಟು ನನ್ನ ಕಣ್ಣಿಗೆ ಬೀಳದೇ ಇರುವುದು ಇನ್ನೇನಿದೆ? ಮಕ್ಕಳು, ಅತಿಥಿಗಳು ಬರುವ ತೋಟದವರು ಹೇಳಿ.

ಗೋಣಿಬೀಡು ಮೆಣಸು

ಅಣ್ಣಾ, ಮೊದಲು ಮನೆಯಲ್ಲಿ ಹೇಳಿ. ಮೋಟರ್ ಹತ್ತಿರ ಹೋದವರು ಅರ್ಧ ಗಂಟೆಯಾದರೂ ಬರಲಿಲ್ಲ ಅಂದರೆ ಯಾರಾದರೂ ಹುಡುಕಿಕೊಂಡು ಬರಬೇಕಲ್ವಾ.

ನಾವು ಎರಡು ವರ್ಷದ ಹಿಂದೆ ಮಾಡಿಸಿದ್ದು ಹೇಳುತ್ತೇನೆ. ಮುಳ್ಳುತಂತಿ ದಂಡ. ಮೂರು ಸಾಲು ತಂತಿಯ ಮಧ್ಯೆ ಮಕ್ಕಳು ನಾಯಿಮರಿ ಥರ ತೂರುತ್ತಾರೆ, ಅದು ದನಕ್ಕೆ ಸರಿ. ಐದಡಿ ಜಾಲರಿ ಹಾಕಿಸಿ, ಕೆಳಗಿನ ಅಂಚು ಮಣ್ಣಿನಲ್ಲಿ ಹೂತಿರಲಿ. ಅಡ್ಡ ಪಟ್ಟಿ ಹೊಂಡದ ಕಡೆಗೆ ಬರಲಿ, ಹೊರಗಡೆ ಇದ್ದರೆ ಅದೇ ಮೆಟ್ಟಿಲು. ಬೇಲಿ ಪಕ್ಕ ಪೈಪಿನ ರಾಶಿ, ಗೊಬ್ಬರದ ಚೀಲ ಪೇರಿಸಿದರೆ ಅದೂ ಮೆಟ್ಟಿಲೇ. ಗೇಟು ತಾನೇ ಮುಚ್ಚಿಕೊಳ್ಳಬೇಕು. ಕೈಯಲ್ಲಿ ಸ್ಪ್ಯಾನರ್ ಹಿಡಿದು ಓಡುವವನು ಗೇಟು ಹಾಕುತ್ತಾನೆ ಅಂತ ನಂಬಬೇಡಿ, ನಾನೇ ಎಷ್ಟೋ ಸಲ ಬಿಟ್ಟು ಬಂದಿದ್ದೇನೆ. ನಮ್ಮಲ್ಲಿ ಸ್ಪ್ರಿಂಗ್‌ಗೆ ದುಡ್ಡು ಹಾಕಲಿಲ್ಲ, ಗೇಟಿಗೆ ಹಗ್ಗ ಕಟ್ಟಿ, ರಾಟೆ ಮೇಲಿಂದ ಒಂದು ಕಲ್ಲು ಇಳಿಬಿಟ್ಟಿದ್ದೇವೆ. ತೆಗೆದು ಬಿಟ್ಟರೆ ಢಬ್ ಅಂತ ಮುಚ್ಚಿಕೊಳ್ಳುತ್ತದೆ.

ಇಷ್ಟು ಮಾಡಿದ ಮೇಲೂ ಒಬ್ಬರು ಬೀಳಬಹುದು. ನೀವೇ ಬೀಳಬಹುದು. ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ನಾಲ್ಕೂ ಬದಿಗೆ ಗೂಟ ಹೊಡೆದು ತಳದವರೆಗೆ ಬಿಡಿ. ಹಳೇ ಬೈಕ್ ಟೈರುಗಳನ್ನು ಒಂದರ ಕೆಳಗೊಂದು ಕಟ್ಟಿ ಇಳಿಬಿಟ್ಟರೆ ಇನ್ನೂ ಒಳ್ಳೆಯದು. ಕಾಲಿಡಲು ಸಿಗುತ್ತದೆ, ಶೀಟೂ ಹರಿಯುವುದಿಲ್ಲ. ಗಾಳಿ ತುಂಬಿದ ಲಾರಿ ಟ್ಯೂಬು, ಒಂದು ಉದ್ದ ಬಿದಿರಿನ ಗಳ ಬೇಲಿಗೆ ಕಟ್ಟಿರಲಿ. ಬಿದ್ದವರನ್ನು ಎತ್ತಲು ಇನ್ನೊಬ್ಬರು ಹಾರಿ ಇಬ್ಬರೂ ಹೋಗುವುದೇ ಜಾಸ್ತಿ, ಅದಕ್ಕೆ ಗಳ. ನಮ್ಮ ಗಳ ಎರಡು ಸಲ ಹಲಸಿನಹಣ್ಣು ಕೀಳಲು ಹೋಗಿತ್ತು, ಈಗ ಕೆಂಪು ಬಣ್ಣ ಬಳಿದಿದ್ದೇನೆ, ಯಾರೂ ಮುಟ್ಟುವುದಿಲ್ಲ.

ಬಾಳ್ಳುಪೇಟೆ ಅಜ್ಜ

ಬೇಜಾರು ಮಾಡಿಕೊಳ್ಳಬೇಡಿ. ಈಗಿನವರು ಸ್ವಲ್ಪ ಜಾಸ್ತಿನೇ ಹೆದರುತ್ತೀರಿ. ನಾವೆಲ್ಲ ಕೆರೆಗೆ ಹಾರಿ, ಮರ ಹತ್ತಿ, ಎತ್ತಿನ ಗಾಡಿ ಹಿಂದೆ ನೇತಾಡಿಕೊಂಡು ಬೆಳೆದವರೇ. ಮಕ್ಕಳನ್ನು ತೋಟಕ್ಕೆ ಕರೆಸಿ ಬೇಲಿಯೊಳಗೆ ಕೂರಿಸಿದರೆ ಬೆಂಗಳೂರಲ್ಲೇ ಇರಬಹುದಲ್ಲ. ಒಂದು ಸಲ ಗದರಿ ಹೇಳಿ, ಕೇಳುತ್ತಾರೆ.

ಗೋಣಿಬೀಡು ಮೆಣಸು

ಅಜ್ಜಾ, ನೀವು ಹಾರಿದ ಕೆರೆಗೆ ಪ್ಲಾಸ್ಟಿಕ್ ಶೀಟು ಇರಲಿಲ್ಲ. ಏರಿ ಇಳಿಜಾರು, ಮಣ್ಣು, ಹುಲ್ಲು, ಲಂಟಾನದ ಬುಡ, ಏನಾದರೂ ಕೈಗೆ ಸಿಗುತ್ತಿತ್ತು. ದನ ನೀರು ಕುಡಿಯಲು ಇಳಿಯುವ ಜಾಗದಲ್ಲಿ ಮಕ್ಕಳೂ ಇಳಿಯುತ್ತಿದ್ದರು. ಪಕ್ಕದಲ್ಲಿ ಬಟ್ಟೆ ಒಗೆಯುವ ನಾಲ್ಕು ಹೆಂಗಸರು ಇರುತ್ತಿದ್ದರು. ಈಗಿನ ಹೊಂಡದ ಹತ್ತಿರ ಮೋಟರ್ ಬಿಟ್ಟರೆ ಯಾರೂ ಇಲ್ಲ. ಗಾಡಿ ಹಿಂದೆ ನೇತಾಡಿದ್ದೂ ಸರಿ. ಆದರೆ ಎತ್ತು ನಿಲ್ಲುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ.

ಗದರಿದರೆ ಒಂಬತ್ತು ವರ್ಷದವನು ಕೇಳಬಹುದು. ನಾಲ್ಕು ವರ್ಷದವಳು ಕಪ್ಪೆ ಕಂಡರೆ ಮರೆಯುತ್ತಾಳೆ.

ಬಾಳ್ಳುಪೇಟೆ ಅಜ್ಜ

ಕಪ್ಪೆ ಮಾತು ಒಪ್ಪಿದೆ.

ಟಿಲ್ಲರ್ ರಿಪೇರಿ, ಆಲೂರು

ಟ್ರ್ಯಾಕ್ಟರ್ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೆಲಸವೇ ಮಿಷನ್ ಬಿಚ್ಚಿ ಜೋಡಿಸುವುದು.

ಹೋಮ್‌ಸ್ಟೇಗೆ ಬಂದವರು ಮೊದಲು ಕೇಳುವುದೇ ಒಂದು ರೌಂಡು. ಮಡ್‌ಗಾರ್ಡ್ ಮೇಲೆ ಮಗು ಕೂರಿಸಿಕೊಂಡು ಫೋಟೋ. ದಯವಿಟ್ಟು ಇಲ್ಲ ಅನ್ನಿ. ಅದು ಸೀಟಲ್ಲ. ಒಂದು ಗುಂಡಿ ಹಾರಿದರೆ ಮಗು ಬೀಳುವುದು ಹಿಂದಿನ ಚಕ್ರದ ಮುಂದೆ, ಡ್ರೈವರ್‌ಗೆ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ನಮ್ಮ ಕಡೆ ಇಳಿಜಾರಿನ ರಸ್ತೆ ಬೇರೆ. ಫೋಟೋ ಬೇಕೇ ಬೇಕು ಅಂದರೆ ಇಂಜಿನ್ ಆಫ್, ಕೀ ನಿಮ್ಮ ಜೇಬಲ್ಲಿ, ಹಿಂದಿನ ರೊಟವೇಟರ್, ಅಂದರೆ ಮಣ್ಣು ಕೆದಕುವ ಬ್ಲೇಡಿನ ಮಿಷನ್, ನೆಲಕ್ಕೆ ಇಳಿಸಿ, ಆಮೇಲೆ ಹತ್ತಿಸಿ. ಎತ್ತಿ ನಿಲ್ಲಿಸಿದ ರೊಟವೇಟರ್ ಕೆಳಗೆ ಮಕ್ಕಳು ನೆರಳು ಅಂತ ಕೂತಿದ್ದು ನಾನೇ ನೋಡಿದ್ದೇನೆ.

ಪಿಟಿಒ ಶಾಫ್ಟ್, ಅಂದರೆ ಟ್ರ್ಯಾಕ್ಟರ್ ಇಂಜಿನ್‌ನಿಂದ ಹಿಂದಿನ ಮಿಷನ್ ತಿರುಗಿಸುವ ಕಂಬಿ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು. ಅಂದರೆ ಸೆಕೆಂಡಿಗೆ ಒಂಬತ್ತು. ದುಪಟ್ಟಾ ತುದಿ, ಲುಂಗಿ ಅಂಚು, ಬಿಟ್ಟ ಕೂದಲು, ಯಾವುದು ತಾಗಿದರೂ ‘ಅಯ್ಯೋ’ ಅನ್ನುವಷ್ಟರಲ್ಲಿ ಹತ್ತು ಸುತ್ತು ಸುತ್ತಿರುತ್ತದೆ. ಕೈ ಎಳೆದುಕೊಳ್ಳಲು ಟೈಮೇ ಇಲ್ಲ. ಅದರ ಮೇಲೆ ಕಂಪನಿಯವರು ಒಂದು ಪ್ಲಾಸ್ಟಿಕ್ ಕವಚ ಕೊಟ್ಟಿರುತ್ತಾರೆ. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟಕ್ಕೆ ಅದು ಇರುವುದಿಲ್ಲ. ಗ್ರೀಸ್ ಹೊಡೆಯಲು ಅಡ್ಡ ಅಂತ ಕಿತ್ತು ಕೊಟ್ಟಿಗೆ ಅಟ್ಟದ ಮೇಲೆ ಎಸೆದಿರುತ್ತಾರೆ. ಇವತ್ತೇ ಹುಡುಕಿ ಹಾಕಿ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಬೆಲ್ಟು, ಮೇವು ಕತ್ತರಿಸುವ ಮಿಷನ್‌ಗೂ ಇದೇ ಮಾತು. ಕರೆಂಟಿನ ಮಿಷನ್ ಆದರೆ ಮೇನ್ ಸ್ವಿಚ್ ಆಫ್ ಮಾಡಿ ಪೆಟ್ಟಿಗೆಗೆ ಬೀಗ ಹಾಕಿ. ಹಸಿರು ಬಟನ್ ಕಂಡರೆ ಒತ್ತದ ಹುಡುಗ ಈ ಜಿಲ್ಲೆಯಲ್ಲೇ ಇಲ್ಲ.

ಕಳೆ ಹೊಡೆಯುವ ಮಿಷನ್ ಓಡುವಾಗ 15 ಮೀಟರ್, ಅಂದರೆ 50 ಅಡಿ ಒಳಗೆ ಯಾರೂ ಇರಬಾರದು. ಬ್ಲೇಡಿಗೆ ಸಿಕ್ಕ ಕಲ್ಲು ಕವಣೆ ಕಲ್ಲಿನ ಥರ ಬರುತ್ತದೆ.

ಇನ್ನೊಂದು, ನೀವು ಮೆಣಸಿನವರು ಅಂತ ಹೇಳುತ್ತಿದ್ದೇನೆ. ಅಲ್ಯೂಮಿನಿಯಂ ಏಣಿ. ಕೊಯ್ಲು ಮುಗಿದ ಮೇಲೆ ಮರಕ್ಕೆ ಒರಗಿಸಿಯೇ ಬಿಟ್ಟಿರುತ್ತೀರಿ. ಮಕ್ಕಳು ಹತ್ತುವುದು ಒಂದು. ದೊಡ್ಡ ಹುಡುಗರು ‘ಸಹಾಯ ಮಾಡ್ತೀವಿ’ ಅಂತ ನಿಲ್ಲಿಸಿದ ಹಾಗೇ ಹೊತ್ತುಕೊಂಡು ಹೋಗುವುದು ಇನ್ನೊಂದು. ಮೇಲೆ 11 ಕೆವಿ ಕರೆಂಟ್ ಲೈನು. ತಾಗಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಸಾಕು. ಏಣಿ ಮಲಗಿಸಿ, ಸರಪಳಿ ಹಾಕಿ ಬೀಗ ಹಾಕಿ.

ಚಿಕ್ಕಮಗಳೂರು ಸಿಸ್ಟರ್

ನಾನು ಆಸ್ಪತ್ರೆಯಲ್ಲಿ ನರ್ಸ್, ಗಂಡನ ಮನೆ ಕಡೆ ಕಾಫಿ ತೋಟ. ಎರಡೂ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ.

ಒಂದು ಸಂಜೆ ಐದು ವರ್ಷದ ಹುಡುಗನನ್ನು ಎತ್ತಿಕೊಂಡು ಬಂದರು. ಕಿತ್ತಳೆ ಜ್ಯೂಸ್ ಬಾಟಲಿಯಲ್ಲಿ ತೋಟಕ್ಕೆ ಹೊಡೆಯುವ ಔಷಧಿ ಇತ್ತು. ಪಕ್ಕದ ತೋಟದವರ ಹತ್ತಿರ ಸ್ವಲ್ಪ ಬೇಕು ಅಂತ ಅಪ್ಪ ತಂದು ಜಗಲಿ ಕಿಟಕಿಯಲ್ಲಿ ಇಟ್ಟಿದ್ದರು. ಆಡಿ ಬಂದ ಮಗು ಬಾಯಾರಿ ಕುಡಿದಿದೆ. ಯಾವ ಔಷಧಿ ಅಂತ ಡಾಕ್ಟರ್ ಕೇಳಿದರೆ ಅಪ್ಪನಿಗೆ ಹೆಸರು ಗೊತ್ತಿಲ್ಲ, ‘ಬಿಳೀದು, ಸೀಮೆಎಣ್ಣೆ ವಾಸನೆ’ ಅನ್ನುತ್ತಾರೆ. ಲೇಬಲ್ ಇದ್ದ ಡಬ್ಬ ಪಕ್ಕದ ತೋಟದಲ್ಲಿದೆ, ಅವರ ಫೋನಿಗೆ ಸಿಗ್ನಲ್ ಇಲ್ಲ. ಆ ಒಂದು ಗಂಟೆ ಆ ಅಪ್ಪ ಬಾಗಿಲ ಹತ್ತಿರ ಆ ಖಾಲಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮಗು ಉಳಿಯಿತು. ಎಲ್ಲ ಔಷಧಿಗೂ ಹಾಗಾಗುವುದಿಲ್ಲ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್‌ಗೆ ಇವತ್ತಿಗೂ ಪ್ರತಿ ಔಷಧ ಇಲ್ಲ. ಒಂದು ಗುಟುಕು ಸಾಕು.

ಅದಕ್ಕೆ ನನ್ನದು ಒಂದೇ ಹಟ. ಔಷಧಿ ಅದರದೇ ಡಬ್ಬದಲ್ಲಿ, ಲೇಬಲ್ ಸಮೇತ, ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ. ಬೇರೆಯವರಿಗೆ ‘ಸ್ವಲ್ಪ’ ಕೊಡುವುದೇ ಇಲ್ಲ. ಜಗಳ ಆದರೂ ಪರವಾಗಿಲ್ಲ.

ನಿಮ್ಮ ಮಕ್ಕಳು ಬರುವುದು ಏಪ್ರಿಲ್, ಮೇ. ಮಳೆಗೆ ಮುಂಚೆ ಗಿಡದ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಟೈಮು ಕೂಡ ಅದೇ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಇದು ನಿಮಗೆ ಗೊತ್ತಿರುವುದೇ. ಆದರೆ ಮೈಲುತುತ್ತವನ್ನು ಮಗುವಿನ ಕಣ್ಣಲ್ಲಿ ನೋಡಿ. ನೀಲಿ ಕಲ್ಲುಸಕ್ಕರೆ! ನನಗೇ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುವಷ್ಟು ಚೆಂದ. ಸುಣ್ಣ ಅರಳಿಸುವಾಗ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಹಾರಿದರೆ ಉಜ್ಜದೆ ಹದಿನೈದು ಇಪ್ಪತ್ತು ನಿಮಿಷ ನೀರು ಬಿಡುತ್ತಲೇ ಇರಿ, ಆಮೇಲೆ ಆಸ್ಪತ್ರೆ. ಕೆಲಸ ಮುಗಿದ ಮೇಲೆ ಡ್ರಮ್ ಕವುಚಿ ಹಾಕಿ. ಅರ್ಧ ನೀರಿದ್ದ ಡ್ರಮ್ಮಿಗೆ ಬಗ್ಗಿದ ಪುಟ್ಟ ಮಗು ತಲೆಕೆಳಗಾಗಿ ಬಿದ್ದರೆ ಮತ್ತೆ ಏಳುವುದಿಲ್ಲ.

ಔಷಧಿ ಕುಡಿದರೆ ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ ವಾಸನೆಯ ಔಷಧಿ ವಾಪಸ್ ಬರುವಾಗ ಶ್ವಾಸಕೋಶಕ್ಕೆ ಹೋದರೆ ಇನ್ನೂ ಕಷ್ಟ. ಬಟ್ಟೆ ಬಿಚ್ಚಿ ಮೈ ಸೋಪು ಹಾಕಿ ತೊಳೆಯಿರಿ, ಡಬ್ಬ ತಗೊಳ್ಳಿ, 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರ ಇದೆ, 1800 116 117, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ. ಇದನ್ನು ಫೋನಲ್ಲಿ ಮಾತ್ರ ಅಲ್ಲ, ಬೀರು ಬಾಗಿಲಿಗೂ ಬರೆದು ಅಂಟಿಸಿ.

ಹೊಂಡದ ಬಗ್ಗೆ ಒಂದೇ ಮಾತು. ಮುಳುಗುವ ಮಗು ಸಿನಿಮಾದ ಥರ ಕೈ ಬೀಸಿ ಕೂಗುವುದಿಲ್ಲ. ಸದ್ದೇ ಇರುವುದಿಲ್ಲ. ಮೇಲೆತ್ತಿದ ಮೇಲೆ ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಇದರಲ್ಲಿ ಇರುವ ನಾಲ್ಕು ನಿಮಿಷವೂ ಹೋಗುತ್ತದೆ. ಉಸಿರಿಲ್ಲ ಅಂದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆ ಒತ್ತಿ. ನಿಮ್ಮ ಮನೆಯಲ್ಲಿ ಇಬ್ಬರಾದರೂ ಕಲಿತಿರಿ. ಯಾವ ನರ್ಸನ್ನು ಕೇಳಿದರೂ ದಿಂಬು ಇಟ್ಟುಕೊಂಡು ಹೇಳಿಕೊಡುತ್ತಾರೆ.

ಕೊಪ್ಪ ಅಡಿಕೆ

ಸಿಸ್ಟರ್ ಎಲ್ಲ ಹೇಳಿದರು. ನಮ್ಮ ಕಡೆಯದು ಸ್ವಲ್ಪ ಸೇರಿಸುತ್ತೇನೆ.

ಹಾವು. ಮಕ್ಕಳಿಗೆ ಗಂಬೂಟು ತರಿಸಿ, ರಾತ್ರಿ ಅಂಗಳಕ್ಕೆ ಇಳಿದರೂ ಟಾರ್ಚ್. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಏನೂ ಬೇಡ. ಬಳೆ, ಕಾಲ್ಗೆಜ್ಜೆ ಬಿಚ್ಚಿ, ಕೈಕಾಲು ಅಲ್ಲಾಡದ ಹಾಗೆ ಎತ್ತಿಕೊಂಡು ಹೋಗಿ. ಹಾವು ಹಿಡಿದು ತರುವ ಸಾಹಸವೂ ಬೇಡ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಲೇಬೇಕಾದ ಪಟ್ಟಿಯಲ್ಲಿದೆ. ಯಾವ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ ಅಂತ ಮಕ್ಕಳು ಬರುವ ಮುಂಚೆಯೇ ಹೋಗಿ ವಿಚಾರಿಸಿ ಬನ್ನಿ. ಕಚ್ಚಿದ ಮೇಲೆ ನಾಲ್ಕು ಕಡೆ ಅಲೆಯುವುದರಲ್ಲೇ ಜೀವ ಹೋಗುತ್ತದೆ.

ಉಣ್ಣಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಲ್ಲಿ ಕಂಡ, ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆ ಈಗ ನಮ್ಮ ಕೊಪ್ಪ, ಎನ್.ಆರ್.ಪುರ ಕಡೆಯೂ ಬರುತ್ತದೆ. ಬೇಸಿಗೆಯಲ್ಲೇ ಇದರ ಕಾಟ. ನೆಂಟರು ಕಾಡು ನೋಡುತ್ತೇವೆ ಅಂದರೆ ಆರೋಗ್ಯ ಇಲಾಖೆ ಕೊಡುವ, ಉಣ್ಣಿ ಹತ್ತದ ಹಾಗೆ ತಡೆಯುವ ಡೀಪಾ ಎಣ್ಣೆ ಹಚ್ಚಿಸಿ ಕಳಿಸುತ್ತೇವೆ. ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಕುದಿಯುವ ನೀರಿಗೆ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ. ಬೆಂಗಳೂರಿನವರು ಇಂಬಳಕ್ಕೆ ಕಿರುಚುತ್ತಾರೆ, ಉಣ್ಣಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ತಮಾಷೆ.

ಜಾವಗಲ್ ತೆಂಗು

ನಮ್ಮದು ಅರಸೀಕೆರೆ ತಾಲ್ಲೂಕು, ಬಯಲು. ಆನೆ ಇಲ್ಲ, ಇಂಬಳ ಇಲ್ಲ, ಇರುವುದು ಬರೀ ನೀರಿಲ್ಲದ ಕೊಳವೆಬಾವಿ. ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷವೂ ತುಂಬದ ಮಗುವನ್ನು ಸುಮಾರು ಇಪ್ಪತ್ತು ಗಂಟೆ ಆದ ಮೇಲೆ ಜೀವಂತ ಎತ್ತಿದರಲ್ಲ, ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಫೇಲಾದ ಬೋರನ್ನು ತಳದಿಂದ ಮಣ್ಣು ಕಲ್ಲು ತುಂಬಿ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಗೋಣಿಚೀಲ ಹೊದಿಸಿ ಕಲ್ಲಿಡುವುದು ಮುಚ್ಚಿದ ಹಾಗಲ್ಲ.

ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡ ತೆಗೆಸುವವರಿಗೆ ತಂತಿಬೇಲಿಗೂ ಸಹಾಯಧನ ಸೇರಿಸಿದ್ದಾರೆ. ನಿಮ್ಮ ತಾಲ್ಲೂಕಿಗೆ ಬರುತ್ತದಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ನೋಡಿ.

ಮೂಡಿಗೆರೆ ರೈಟರ್

ಇಪ್ಪತ್ತು ವರ್ಷದಿಂದ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ. ಎಲ್ಲರೂ ಬರೆದಿದ್ದು ಓದಿದೆ. ಒಂದು ಕೇಳಲಾ? ಅಕ್ಕನ ಮಕ್ಕಳು ಒಂದು ತಿಂಗಳು ಇರುತ್ತಾರೆ, ಹೋಗುತ್ತಾರೆ. ಅತಿಥಿಗಳು ಎರಡು ದಿನ. ಲೈನ್ ಮನೆ, ಅಂದರೆ ತೋಟದ ಕೆಲಸದವರ ಸಾಲುಮನೆ ಮಕ್ಕಳು? ಅವರು ವರ್ಷವಿಡೀ ಅಲ್ಲೇ ಇರುತ್ತಾರೆ. ಬೇಸಿಗೆ ರಜೆ ಅವರಿಗೂ ರಜೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ, ಎಂಟು ವರ್ಷದವಳು ಎರಡು ವರ್ಷದವನನ್ನು ಸೊಂಟದ ಮೇಲೆ ಇಟ್ಟುಕೊಂಡು ತೋಟ ಸುತ್ತುತ್ತಾಳೆ. ಹೊಂಡದಲ್ಲಿ ಮೀನಿದೆ ಅಂತ ಗೊತ್ತಿರುವುದೂ ಅವರಿಗೇ. ನಿಮ್ಮ ಬೇಲಿ ಮೊದಲು ತಡೆಯಬೇಕಾದ್ದು ಅವರನ್ನ.

1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯಲ್ಲೇ 50 ಹೆಂಗಸರು ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಮನೆ ಇರಬೇಕು ಅಂತ ಬರೆದಿದ್ದರು. ಹನ್ನೊಂದು ಎಕರೆಯವರಿಗೆ ಅದು ಬರುವುದಿಲ್ಲ, ನಿಜ. ಆದರೆ ಔಷಧಿ ಹೊಡೆಯುವ ದಿನ, ಮರದ ಕೊಂಬೆ ಕಡಿಯುವ ದಿನ ಒಬ್ಬ ಅಜ್ಜಿಗೆ ಕೂಲಿ ಕೊಟ್ಟು ಆ ಮಕ್ಕಳನ್ನೆಲ್ಲ ಒಂದು ಜಗಲಿಯಲ್ಲಿ ಕೂರಿಸಬಹುದು. ನಮ್ಮ ಧಣಿ ಮೊದಲು ನಕ್ಕರು. ಈಗ ಅವರ ಮೊಮ್ಮಗನೂ ಆ ಜಗಲಿಯಲ್ಲೇ ಇರುತ್ತಾನೆ.

ಬೋರ್ಡು ಹಾಕಿಸುತ್ತೀರಿ ಅಂದುಕೊಳ್ಳಿ, ‘ಅಪಾಯ, ಆಳವಾದ ನೀರು’ ಅಂತ. ಈಗ ನಮ್ಮ ಲೈನಲ್ಲಿ ಅರ್ಧ ಜನ ಅಸ್ಸಾಮಿನವರು. ಯಾರಿಗೆ ಓದಲು ಬರುತ್ತದೆ? ಮುಳುಗುತ್ತಿರುವ ಕೈ ಬರೆಸಿ, ಎಲ್ಲರಿಗೂ ತಿಳಿಯುತ್ತದೆ.

ಆನೆ ಬಗ್ಗೆ ಯಾರೂ ಬರೆದಿಲ್ಲ, ನಮಗೆ ಅಷ್ಟು ಅಭ್ಯಾಸ ಆಗಿದೆ ನೋಡಿ. ಅರಣ್ಯ ಇಲಾಖೆಯವರ ವಾಟ್ಸಾಪ್ ಗುಂಪಲ್ಲಿ ಆನೆ ಯಾವ ತೋಟದಲ್ಲಿದೆ ಅಂತ ಬರುತ್ತದಲ್ಲ, ಅದನ್ನು ಅತಿಥಿಗಳಿಗೂ ಓದಿ ಹೇಳಿ. ಬೆಳಗಿನ ಆರು ಗಂಟೆಯ ವಾಕಿಂಗ್ ಇಲ್ಲವೇ ಇಲ್ಲ. ಬಿಸಿಲು ಬಂದ ಮೇಲೆ, ಜೊತೆಗೆ ನಮ್ಮವರೊಬ್ಬರು.

ಹಾನುಬಾಳು ಕಾಫಿ

ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಹೇಳಿದೆ. ಎರಡು ದಿನ ಮಾತಿಲ್ಲ, ಮೂರನೇ ದಿನ ಹೆಂಡತಿಯೇ ಟೈರು ಹುಡುಕಲು ಗುಜರಿ ಅಂಗಡಿಗೆ ಬಂದಳು.

ನಿನ್ನೆ ಸಂಜೆ ಚಿಕ್ಕ ಮಗುವಿನ ಎತ್ತರಕ್ಕೆ ಮೊಣಕಾಲೂರಿ ಅಂಗಳದಿಂದ ಪಲ್ಪರ್ ಮನೆವರೆಗೆ ಹೋದೆ. ನೋಡಿದವರು ಏನಂದುಕೊಂಡರೋ. ನಿಂತಾಗ ಕಾಣದೇ ಇದ್ದದ್ದು ಕಂಡಿತು. ಔಷಧಿ ರೂಮಿನ ಬಾಗಿಲಿಗೆ ಬೀಗ ಇದೆ, ಆದರೆ ಕೆಳಗಿನ ಹಲಗೆ ಗೆದ್ದಲು ತಿಂದು ಬೆಕ್ಕು ನುಗ್ಗುವಷ್ಟು ತೂತು. ಅದರ ಎದುರಿಗೇ ಮೈಲುತುತ್ತದ ಚೀಲ. ಪಿಟಿಒ ಕವಚ ಕೂಡ ಸಿಕ್ಕಿತು, ಆಲೂರಿನವರು ಹೇಳಿದ ಹಾಗೇ ಅಟ್ಟದ ಮೇಲೆ.

ರೈಟರ್ ಅವರ ಮಾತು ಚುಚ್ಚಿತು. ನಮ್ಮ ಲೈನಲ್ಲಿ ಆರು ಮಕ್ಕಳಿದ್ದಾರೆ, ಪ್ರಶ್ನೆ ಬರೆಯುವಾಗ ಒಬ್ಬರೂ ನೆನಪಾಗಲಿಲ್ಲ. ಅವರಲ್ಲಿ ಹನ್ನೆರಡು ವರ್ಷದವನೊಬ್ಬ ನನ್ನ ಭುಜಕ್ಕೆ ಬರುತ್ತಾನೆ, ಮೀನು ಹಿಡಿಯುವವನೂ ಅವನೇ. ಗೇಟಿನ ಚಿಲಕ ಎಷ್ಟು ಎತ್ತರ ಹಾಕಿಸಿದರೂ ಅವನಿಗೆ ಸಿಗುತ್ತದೆ. ಏನು ಮಾಡಲಿ?

ಗೋಣಿಬೀಡು ಮೆಣಸು

ಚಿಲಕ ಒಳಗಡೆ ಹಾಕಿಸಿ, ಚಿಕ್ಕವರಿಗೆ ಅಷ್ಟು ಸಾಕು. ಅವನಿಗೆ ಬೀಗ. ಬೀಗದ ಕೈ ಮೋಟರ್ ಮನೆಯ ಮೊಳೆಗೆ ನೇತು ಹಾಕಬೇಡಿ, ನಿಮ್ಮ ಉಡಿದಾರದಲ್ಲಿರಲಿ. ಮತ್ತೆ ಭಾನುವಾರ ನೀವೇ ಅವನನ್ನು ಕರೆದುಕೊಂಡು ಹೋಗಿ, ಬೇಲಿ ಒಳಗೆ ಜೊತೆಗೆ ಕೂತು ಗಾಳ ಹಾಕಿ. ಅಕ್ಕನ ಮಗನೂ ಬರಲಿ.